ಗುಡಿಸು, ಒರೆಸು, ಹಿಂಡು: ಮನೆಗೆಲಸದ ಇಂಗ್ಲಿಷ್‌ಗೆ ಒಂದು ಸಮಗ್ರ ಮಾರ್ಗದರ್ಶಿ

ನಮ್ಮ ಚಿಕ್ಕಮ್ಮ ಮೈಸೂರಿನ ಗೋಕುಲಂನಲ್ಲಿ ವಿದೇಶಿ ಹೆಂಗಸೊಬ್ಬರ ಬಾಡಿಗೆ ಮನೆಗೆ ಕೆಲಸಕ್ಕೆ ಸೇರಿದ ಮೊದಲ ದಿನ. ಮಾಪನ್ನು ಬಕೆಟ್ಟಿನಲ್ಲಿ ಅದ್ದಿ ಎತ್ತಿದ್ದಾಳೆ, ನೀರು ತೊಟ್ಟಿಕ್ಕುತ್ತಿದೆ. ಆಯಮ್ಮ ಕೈ ತೋರಿಸಿ ‘ರಿಂಗ್ ಇಟ್ ಔಟ್ ಫಸ್ಟ್’ ಅಂದರು. ಚಿಕ್ಕಮ್ಮನಿಗೆ ರಿಂಗ್ ಗೊತ್ತು, ಔಟ್ ಗೊತ್ತು, ಫಸ್ಟೂ ಗೊತ್ತು. ಮಾಪನ್ನು ಗೋಡೆಗೆ ಒರಗಿಸಿ, ಬಾಗಿಲಾಚೆ ಹೋಗಿ, ಕಾಲಿಂಗ್ ಬೆಲ್ ಒತ್ತಿ ಬಂದಳು. ‘ಅವ್ರೂ ನಗ್ತಾವ್ರೆ, ನಾನೂ ನಗ್ತಾವ್ನಿ, ಯಾಕೆ ಅಂತ ಇಬ್ರಿಗೂ ಗೊತ್ತಿಲ್ಲ ಕಣಮ್ಮಿ’ ಅಂತ ಇವತ್ತಿಗೂ ಹೇಳಿಕೊಂಡು ನಗುತ್ತಾಳೆ.

‘ರಿಂಗ್ ಔಟ್’ ಅಂದರೆ ಹಿಂಡು. ಬರೆಯುವಾಗ ಮುಂದೊಂದು ಡಬ್ಲ್ಯೂ ಇರುತ್ತದೆ, ಆದರೆ ಅದಕ್ಕೆ ದನಿಯಿಲ್ಲ. ಕಿವಿಗೆ ಬೆಲ್ಲಿನ ರಿಂಗೂ ಬಟ್ಟೆಯ ರಿಂಗೂ ಒಂದೇ. ಮೂವತ್ತು ವರ್ಷ ಬಟ್ಟೆ ಹಿಂಡಿದ ಕೈಗೆ ಗೊತ್ತಿಲ್ಲದೆ ಇದ್ದದ್ದು ಆ ಒಂದು ಪದ ಮಾತ್ರ.

ನಾನು ಮಂಡ್ಯ ಕಡೆಯವಳು. ಮೈಸೂರಿನ ಹೋಟೆಲೊಂದರಲ್ಲಿ ರೂಮ್ ಅಟೆಂಡೆಂಟ್ ಆಗಿ ಸೇರಿ, ಸೂಪರ್‌ವೈಸರ್ ಆಗುವವರೆಗೆ ಒಂಬತ್ತು ವರ್ಷ ಹಾಸಿಗೆ ಹಾಸಿದೆ. ಈಗ ಭಾನುವಾರ ಮಧ್ಯಾಹ್ನ ನಮ್ಮ ಜಗಲಿಯಲ್ಲಿ ಇಂಗ್ಲಿಷ್ ಕಲಿಯಲು ಏಳೆಂಟು ಹೆಂಗಸರು ಸೇರುತ್ತಾರೆ. ಒಂದಿಬ್ಬರು ದಿನಾ ಮಂಡ್ಯದಿಂದ 45 ಕಿ.ಮೀ. ರೈಲಿನಲ್ಲಿ ಬಂದು ಹೋಟೆಲುಗಳಲ್ಲಿ ದುಡಿಯುವವರು. ಮಿಕ್ಕವರದ್ದು ಗೋಕುಲಂ ಕಡೆಯ ಮನೆಗೆಲಸ. ಪಟ್ಟಾಭಿ ಜೋಯಿಸರು 1948ರಲ್ಲಿ ಲಕ್ಷ್ಮೀಪುರಂನಲ್ಲಿ ಶುರುಮಾಡಿದ ಅಷ್ಟಾಂಗ ಯೋಗಶಾಲೆ ಮುಂದೆ ಗೋಕುಲಂಗೆ ಬಂತಲ್ಲ, ಅದರ ಹಿಂದೆಯೇ ವಿದೇಶಿ ಬಾಡಿಗೆದಾರರೂ ಬಂದರು. ಅವರ ಮನೆಗೆ ಕೆಲಸದವರು ಬೇಕು, ಕೆಲಸದವರಿಗೆ ಇಂಗ್ಲಿಷ್ ಬೇಕು.

ಈ ಭಾನುವಾರಗಳಲ್ಲಿ ನನಗೆ ಗೊತ್ತಾದದ್ದು ಇಷ್ಟು: ನಮ್ಮವರಿಗೆ ವಸ್ತುಗಳ ಹೆಸರು ಕಲಿಸುವ ಅಗತ್ಯವೇ ಇಲ್ಲ. ಪುಸ್ತಕಗಳು ಮಾತ್ರ ಅಲ್ಲಿಂದಲೇ ಶುರುಮಾಡುತ್ತವೆ, ಬಕೆಟ್ ಚಿತ್ರ, ಬ್ರಷ್ ಚಿತ್ರ ಅಂತ. ನಮಗೆ ಕೈಕೊಡುವುದು ಕ್ರಿಯಾಪದ. ಏನು ಮಾಡು ಅಂದರು, ಏನು ಮಾಡಿದೆ ಅಂತ ಹೇಳಬೇಕು, ಅಲ್ಲೇ ತಡವರಿಸುವುದು. ಅದಕ್ಕೇ ಇಲ್ಲಿ ಹೆಚ್ಚು ಜಾಗ ಕ್ರಿಯಾಪದಕ್ಕೆ.

ಮೊದಲ ಹೆಜ್ಜೆ: ಗೊತ್ತಿರುವುದನ್ನು ಲೆಕ್ಕ ಹಾಕಿ

ಒಂದು ನೋಟ್‌ಬುಕ್ ಹಿಡಿದು ನಿಮ್ಮದೇ ಮನೆಯ ಬಚ್ಚಲು, ಅಡುಗೆಮನೆ, ಮಲಗುವ ಕೋಣೆ ಸುತ್ತಿ ಬನ್ನಿ. ದಿನಾ ಆಡುವ ಇಂಗ್ಲಿಷ್ ಹೆಸರುಗಳನ್ನೆಲ್ಲ ಬರೆಯಿರಿ. ಬಕೆಟ್ಟು, ಮಗ್ಗು, ಸೋಪು, ಬ್ರಷ್ಷು, ಟವಲ್ಲು, ಬೆಡ್‌ಶೀಟು, ಪಿಲ್ಲೋ ಕವರು, ಡಸ್ಟ್‌ಬಿನ್ನು, ಸಿಂಕು, ಟೈಲ್ಸು, ಸ್ಕ್ರಬ್ಬರು, ಕರ್ಟನ್ನು. ‘ನಂಗೆ ಒಂದಕ್ಷರ ಇಂಗ್ಲಿಷ್ ಬರಲ್ಲ’ ಅನ್ನುವವರ ಪಟ್ಟಿಯೂ ನಲವತ್ತು ದಾಟುತ್ತದೆ.

ಉಳಿಯುವುದು ಕೆಲವೇ. ಪೊರಕೆ, ನಮ್ಮೂರ ಕಡೆಯ ಬರ್ಲು, ‘ಬ್ರೂಮ್’. ಹುಲ್ಲು ಪೊರಕೆ, ಕಡ್ಡಿ ಪೊರಕೆ ಎರಡೂ ಬ್ರೂಮೇ. ಬೇರೆ ಮಾಡಿ ಹೇಳಬೇಕಾದರೆ ‘ಸಾಫ್ಟ್ ಬ್ರೂಮ್’, ‘ಹಾರ್ಡ್ ಬ್ರೂಮ್’ ಅನ್ನಿ. ಕಸ ಎತ್ತುವ ಮೊರ ‘ಡಸ್ಟ್‌ಪ್ಯಾನ್’. ಒರೆಸುವ ಬಟ್ಟೆ ‘ಕ್ಲಾತ್’, ಹಳೇ ಪಂಚೆ ಹರಿದು ಮಾಡಿದ ಚಿಂದಿ ‘ರ್ಯಾಗ್’. ಟಾಯ್ಲೆಟ್ ಕಟ್ಟಿಕೊಂಡಾಗ ಒತ್ತುವ ರಬ್ಬರ್ ಬಟ್ಟಲಿನ ಕೋಲು ‘ಪ್ಲಂಜರ್’.

ಎರಡು ಕಡೆ ಎಡವುತ್ತೇವೆ. ಒಂದು, ಬ್ರಾಂಡ್ ಹೆಸರು. ನಮಗೆ ಟಾಯ್ಲೆಟ್ ತೊಳೆಯುವುದೆಲ್ಲ ಹಾರ್ಪಿಕ್, ಗಾಜು ಒರೆಸುವುದೆಲ್ಲ ಕಾಲಿನ್, ಪಾತ್ರೆಗೆ ವಿಮ್. ಹೊರಗಿನವರಿಗೆ ಆ ಹೆಸರು ತಿಳಿಯದೆ ಹೋಗಬಹುದು. ‘ಟಾಯ್ಲೆಟ್ ಕ್ಲೀನರ್’, ‘ಗ್ಲಾಸ್ ಕ್ಲೀನರ್’, ‘ಡಿಶ್ ಸೋಪ್’ ಅನ್ನಿ. ಎರಡು, ವೈಪರ್. ನೀರು ತಳ್ಳುವ ರಬ್ಬರ್ ಪಟ್ಟಿಗೆ ನಾವು ವೈಪರ್ ಅನ್ನುತ್ತೇವೆ. ವಿದೇಶಿಯರಿಗೆ ವೈಪರ್ ಇರುವುದು ಕಾರಿನ ಗಾಜಿನ ಮೇಲೆ, ನಮ್ಮದಕ್ಕೆ ಅವರ ಹೆಸರು ‘ಸ್ಕ್ವೀಜಿ’.

ಬಾಲ ಕತ್ತರಿಸಿ

ಇದು ಅರ್ಧ ಗಂಟೆಯ ಕೆಲಸ. ಕನ್ನಡದ ಬಾಯಿ ಪದದ ಕೊನೆಗೆ ಒಂದು ‘ಉ’ ಅಂಟಿಸದೆ ಬಿಡುವುದಿಲ್ಲ. ಮಗ್ಗು, ಬೆಡ್ಡು, ಸೋಪು. ಇಂಗ್ಲಿಷ್ ಆಡುವಾಗ ಆ ಬಾಲ ಕತ್ತರಿಸಿ: ಮಗ್, ಬೆಡ್, ಸೋಪ್. ನಿಮ್ಮ ನಲವತ್ತು ಪದಗಳನ್ನೂ ಹೀಗೆ ಬಾಲವಿಲ್ಲದೆ ಒಮ್ಮೆ ಜೋರಾಗಿ ಓದಿ.

ಹ್ರಸ್ವ ದೀರ್ಘ ಮಾತ್ರ ನಮಗೆ ವರ. ಬೆಡ್‌ಶೀಟಿನ ‘ಶೀ’ ದೀರ್ಘ. ಅದನ್ನು ಗಿಡ್ಡ ಮಾಡಿದರೆ ಗೆಸ್ಟ್ ಮುಂದೆ ಬಾಯಲ್ಲಿ ಬರಬಾರದ ಮಾತು ಬರುತ್ತದೆ. ಕಾಗುಣಿತ ಕಲಿತವರಿಗೆ ಆ ಭಯ ಬೇಡ. ‘ಸೋಪ್’ ಅನ್ನುವ ಕಡೆ ‘ಸೂಪ್’ ಅಂದರೆ ಕುಡಿಯುವುದು ಬರುತ್ತದೆ, ಅದೂ ನೆನಪಿರಲಿ. ಹೋಟೆಲಿನ ದಪ್ಪ ಹೊದಿಕೆಯ ಹೆಸರಿನ ಕೊನೆಗೆ ಟೀ ಅಕ್ಷರ ಇದ್ದರೂ ಓದುವುದು ‘ಡೂವೇ’.

ಅಜ್ಜಿಯ ಕ್ರಿಯಾಪದಗಳು

ಈಗ ಮುಖ್ಯ ಹೆಜ್ಜೆ. ನಮ್ಮಜ್ಜಿ ಒಂದು ದಿನವೂ ‘ಕ್ಲೀನ್ ಮಾಡು’ ಅಂದವಳಲ್ಲ. ಅಂಗಳ ಗುಡಿಸು, ನೆಲ ಸಾರಿಸು, ಪಾತ್ರೆ ತಿಕ್ಕು, ತಾಮ್ರ ಬೆಳಗು, ಬಟ್ಟೆ ಜಾಲಿಸು, ಚಾಪೆ ಕೊಡವು. ಒಂದೊಂದು ಕೆಲಸಕ್ಕೆ ಒಂದೊಂದು ಮಾತು. ಎಲ್ಲಕ್ಕೂ ‘ಕ್ಲೀನ್’ ಅಂತ ಒಂದೇ ಪದ ಹಿಡಿದುಕೊಂಡವರು ನಾವು. ಇಂಗ್ಲಿಷಿನವರ ಮನೆಯಲ್ಲೂ ಅಜ್ಜಿಯ ಲೆಕ್ಕವೇ ನಡೆಯುವುದು. ಹಾಗಾಗಿ ‘ಕ್ಲೀನ್’ ಅನ್ನು ಒಂದು ವಾರ ಬಾಯಿಂದ ಆಚೆ ಇಡಿ. ಮೊದಲು ಅಜ್ಜಿಯ ಪದ ನೆನೆಯಿರಿ, ಅದಕ್ಕೆ ಇಂಗ್ಲಿಷ್ ಪದ ಜೋಡಿಸಿ.

ಗುಡಿಸು ಅಂದರೆ ‘ಸ್ವೀಪ್’, ಸುಲಭ. ತೊಡಕು ‘ಒರೆಸು’ವಿನಲ್ಲಿ. ನಮ್ಮ ಒಂದು ಒರೆಸುವಿಕೆ ಇಂಗ್ಲಿಷಿನಲ್ಲಿ ನಾಲ್ಕಾಗಿ ಸೀಳುತ್ತದೆ. ನೆಲ ಒರೆಸಿದರೆ ‘ಮಾಪ್’. ಮೇಜು, ಸ್ಟೌ, ಕಿಟಕಿ ಒರೆಸಿದರೆ ‘ವೈಪ್’. ಟೀವಿ, ಫೋಟೋ ಮೇಲಿನ ಧೂಳು ಒಣಬಟ್ಟೆಯಲ್ಲಿ ಒರೆಸಿದರೆ ‘ಡಸ್ಟ್’. ತೊಳೆದ ತಟ್ಟೆಯ ನೀರು ಒರೆಸಿದರೆ ‘ಡ್ರೈ’. ‘ಐ ವೈಪ್ಡ್ ದ ಫ್ಲೋರ್’ ಅಂದರೆ ಅರ್ಥವೇನೋ ಆಗುತ್ತದೆ, ಆದರೆ ಕೇಳಿದವರ ಕಣ್ಣಿಗೆ ಬರುವುದು ನೀವು ಮಂಡಿಯೂರಿ ಕೈಬಟ್ಟೆಯಲ್ಲಿ ಒರೆಸಿದ ಚಿತ್ರ. ಡಸ್ಟ್ ಬಗ್ಗೆ ಇನ್ನೊಂದು ತಮಾಷೆ: ಧೂಳೂ ಡಸ್ಟೇ, ಧೂಳು ತೆಗೆಯುವುದೂ ಡಸ್ಟೇ, ಕೇಕಿನ ಮೇಲೆ ಸಕ್ಕರೆ ಪುಡಿ ಉದುರಿಸುವುದೂ ಡಸ್ಟೇ.

ಬ್ರಷ್ ಹಿಡಿದು ಬಚ್ಚಲ ನೆಲ ಉಜ್ಜುವುದು ‘ಸ್ಕ್ರಬ್’. ತಳ ಹಿಡಿದ ಪಾತ್ರೆಯನ್ನು ಕಂಬಿನಾರಿನಲ್ಲಿ ತಿಕ್ಕುವುದು ‘ಸ್ಕೌರ್’. ಚಾಕುವಿನ ಬೆನ್ನಲ್ಲಿ ಅಂಟು ಕೆರೆಯುವುದು ‘ಸ್ಕ್ರೇಪ್’. ಬೆಳಗುವುದು ‘ಪಾಲಿಶ್’. ಆಯುಧಪೂಜೆಗೆ ಮುಂಚೆ ಹಿತ್ತಾಳೆ ದೀಪಗಳನ್ನು ಹುಣಸೆಹಣ್ಣು ಹಾಕಿ ಬೆಳಗುತ್ತೀವಲ್ಲ, ಅಲ್ಲಿ ಹುಣಸೆಯ ಹುಳಿ ಲೋಹದ ಮೇಲಿನ ಕಪ್ಪು ಪದರವನ್ನು ಕರಗಿಸುತ್ತದೆ. ಆ ಕಪ್ಪಿಗೆ ಅವರ ಪದ ‘ಟಾರ್ನಿಶ್’. ‘ಐ ಪಾಲಿಶ್ಡ್ ದ ಬ್ರಾಸ್ ವಿತ್ ಟ್ಯಾಮರಿಂಡ್’ ಅಂತ ಚಿಕ್ಕಮ್ಮ ಹೇಳಿದ್ದಕ್ಕೆ ಆ ವಿದೇಶಿ ಹೆಂಗಸು ಫೋಟೋ ತೆಗೆದುಕೊಂಡರಂತೆ.

ನೀರಿನ ಕೆಲಸಕ್ಕೆ ಬನ್ನಿ. ನಾವು ಪಾತ್ರೆ ತೊಳೆಯುತ್ತೇವೆ, ಬಟ್ಟೆ ಒಗೆಯುತ್ತೇವೆ. ಇಂಗ್ಲಿಷಿನವರಿಗೆ ಎರಡೂ ‘ವಾಶ್’. ಇಲ್ಲಿ ಅವರೇ ಬಡವರು. ನೆನೆಹಾಕು ‘ಸೋಕ್’, ಜಾಲಿಸು ‘ರಿನ್ಸ್’, ಹಿಂಡು ‘ರಿಂಗ್ ಔಟ್’, ಕೊಡವು ‘ಶೇಕ್ ಔಟ್’, ಒಣಹಾಕು ‘ಹ್ಯಾಂಗ್ ಔಟ್’, ಮಡಚು ‘ಫೋಲ್ಡ್’. ಒಂದು ಬಟ್ಟೆಯನ್ನು ಕೈಯಲ್ಲಿ ಹಿಡಿದು ಇದೇ ಸಾಲಿನಲ್ಲಿ ಹೇಳಿಕೊಂಡು ಹೋಗಿ. ಹಿಂಡುವಾಗ ಎರಡು ಮುಷ್ಟಿಯೂ ಬೇರೆ ಬೇರೆ ದಿಕ್ಕಿಗೆ ತಿರುಗಬೇಕು, ನೀರು ಬಿದ್ದ ಹೊತ್ತಿಗೇ ‘ರಿಂಗ್’ ಅನ್ನಬೇಕು. ಕೈಯಲ್ಲಿ ಕೆಲಸವೇ ಇಲ್ಲದೆ ಬಾಯಿಪಾಠ ಮಾಡಿದ ಪದ ಮರುದಿನಕ್ಕೆ ಹೋಗಿರುತ್ತದೆ, ನಮ್ಮ ಜಗಲಿಯಲ್ಲಿ ನೋಡಿ ನೋಡಿ ಸಾಕಾಗಿದೆ.

ಮಾಡು ಅನ್ನುವುದಕ್ಕೆ ಅವರಲ್ಲಿ ಎರಡು ಪದ, ‘ಡು’ ಮತ್ತು ‘ಮೇಕ್’. ಹಾಸಿಗೆ ಸರಿಮಾಡುವುದು ‘ಮೇಕ್ ದ ಬೆಡ್’. ಬಡಗಿಯ ಕೆಲಸ ಹೇಳುತ್ತಿದ್ದಾರೆ ಅಂದುಕೊಳ್ಳಬೇಡಿ. ಪಾತ್ರೆ ತೊಳೆಯುವುದು ‘ಡು ದ ಡಿಷಸ್’, ಬಟ್ಟೆ ಒಗೆಯುವುದು ‘ಡು ದ ಲಾಂಡ್ರಿ’. ಇದಕ್ಕೆ ನಿಯಮ ಹುಡುಕಿ ತಲೆ ಕೆಡಿಸಿಕೊಳ್ಳದೆ ಹಾಗೇ ಕಲಿಯಿರಿ. ‘ವಾಶ್ ಅಪ್’ ಮಾತ್ರ ಯಾರು ಹೇಳಿದರು ಅಂತ ನೋಡಿಕೊಳ್ಳಿ. ಬ್ರಿಟನ್ನಿನವರು ಹೇಳಿದರೆ ಪಾತ್ರೆ ತೊಳೆ ಅಂತ, ಅಮೆರಿಕದವರು ಹೇಳಿದರೆ ಕೈಮುಖ ತೊಳೆ ಅಂತ.

ನಮ್ಮಲ್ಲಿದ್ದು ಅವರಲ್ಲಿಲ್ಲದ ಪದಗಳೂ ಇವೆ. ಸಾರಿಸು ಅನ್ನುವುದಕ್ಕೆ ನೇರ ಪದವಿಲ್ಲ. ಮುಸುರೆ ಪಾತ್ರೆಗೆ ‘ಡರ್ಟಿ ಡಿಷಸ್’ ಅನ್ನಬೇಕು, ಮುಸುರೆಯ ಭಾವ ಅದರಲ್ಲಿ ಬರುವುದಿಲ್ಲ. ಎಂಜಲಂತೂ ಅವರಿಗೆ ಅರ್ಥವೇ ಆಗದು. ಇಲ್ಲಿ ಒಂದು ಹುಷಾರಿ: ‘ಲೆಫ್ಟ್‌ಓವರ್ಸ್’ ಅಂದರೆ ಎಂಜಲಲ್ಲ, ಉಳಿದ ಅಡುಗೆ, ನಾಳೆ ತಿನ್ನುವುದು. ಅದನ್ನು ಫ್ರಿಜ್ಜಿನಲ್ಲಿಡಿ. ತಟ್ಟೆಯಲ್ಲಿ ಬಿಟ್ಟ ಚೂರುಪಾರು ‘ಸ್ಕ್ರ್ಯಾಪ್ಸ್’, ಅದು ಮಾತ್ರ ಹಸಿ ಕಸಕ್ಕೆ. ನಮ್ಮ ಜಗಲಿಯವರೊಬ್ಬರು ಅರ್ಧ ಪಾತ್ರೆ ಪಾಸ್ತಾ ಕಸಕ್ಕೆ ಸುರಿದು ಬೈಸಿಕೊಂಡಮೇಲೆ ಇದನ್ನು ಮೊದಲ ವಾರವೇ ಹೇಳಿಬಿಡುತ್ತೇನೆ.

ಕ್ಲಿಯರ್, ಕ್ಲೀನ್, ಟೈಡಿ

ಇದು ನನ್ನದೇ ಪೆಟ್ಟು. ಹೋಟೆಲಿನಲ್ಲಿ ನನ್ನ ಮೊದಲ ದಸರಾ. ಹತ್ತು ದಿನವೂ ಒಂದು ರೂಮೂ ಖಾಲಿಯಿಲ್ಲ. ಒಬ್ಬ ಗೆಸ್ಟ್ ಬಾಗಿಲಲ್ಲಿ ನಿಂತು ‘ಪ್ಲೀಸ್ ಕ್ಲಿಯರ್ ದ ಟೇಬಲ್’ ಅಂದು ಆಚೆ ಹೋದರು. ನನ್ನ ಕಿವಿಗೆ ಬಿದ್ದದ್ದು ಕ್ಲೀನ್. ತಟ್ಟೆ ಎತ್ತಿ, ಒರೆಸಿ, ತಟ್ಟೆಯನ್ನು ಇದ್ದಲ್ಲೇ ಇಟ್ಟೆ. ಲೋಟ ಎತ್ತಿ, ಒರೆಸಿ, ಇದ್ದಲ್ಲೇ ಇಟ್ಟೆ. ತಿಂದು ಬಿಟ್ಟ ದೋಸೆ ಚೂರು, ಚಟ್ನಿ ಬಟ್ಟಲು ಎಲ್ಲ ಹಾಗೇ, ಕೆಳಗಿನ ಮೇಜು ಮಾತ್ರ ಫಳಫಳ. ಅವರು ಬಂದು ನೋಡಿ ರಿಸೆಪ್ಶನ್ನಿಗೆ ಫೋನ್ ಮಾಡಿದರು. ಮ್ಯಾನೇಜರ್ ಎಲ್ಲರೆದುರು ಗದರಿದರೇ ಹೊರತು ಕ್ಲಿಯರ್ ಅಂದರೇನು ಅಂತ ಒಬ್ಬರೂ ಹೇಳಿಕೊಡಲಿಲ್ಲ. ಆ ಸಿಟ್ಟು ಇನ್ನೂ ಇದೆ.

‘ಕ್ಲಿಯರ್’ ಅಂದರೆ ಮೇಲಿರುವುದನ್ನು ಎತ್ತಿ ಜಾಗ ಖಾಲಿ ಮಾಡು. ‘ಕ್ಲೀನ್’ ಅಂದರೆ ಕೊಳೆ ತೆಗೆ. ‘ಟೈಡಿ’ ಅಂದರೆ ಹರಡಿದ್ದನ್ನು ಒಪ್ಪಮಾಡು, ಕೊಳೆಗೂ ಅದಕ್ಕೂ ಸಂಬಂಧವಿಲ್ಲ. ಹಾಗೆಯೇ ‘ಡರ್ಟಿ’ ಅಂದರೆ ಕೊಳಕು, ‘ಮೆಸ್ಸಿ’ ಅಂದರೆ ಚೆಲ್ಲಾಪಿಲ್ಲಿ. ಗೆಸ್ಟ್ ಮುಂದೆ ‘ಯುವರ್ ರೂಮ್ ಈಸ್ ಡರ್ಟಿ’ ಅನ್ನಲೇಬೇಡಿ, ಬೈದಂತಾಗುತ್ತದೆ.

ಕೊಳೆಯ ಹೆಸರುಗಳು

ಯಾವ ಕೊಳೆ ಅಂತ ಹೇಳಲು ಬಂದರೆ ಸೂಪರ್‌ವೈಸರ್ ಸರಿಯಾದ ದ್ರಾವಣ ಕೊಡುತ್ತಾರೆ. ಇಲ್ಲದಿದ್ದರೆ ಎಲ್ಲದಕ್ಕೂ ಸೋಪಿನ ನೀರು.

ಕಲೆ ‘ಸ್ಟೇನ್’. ಒಗ್ಗರಣೆ ಸಿಡಿದು ಸ್ಟೌ ಹಿಂದಿನ ಗೋಡೆಗೆ ಹಿಡಿಯುವ ಜಿಡ್ಡು ‘ಗ್ರೀಸ್’. ಕನ್ನಡಿಯ ಮೇಲಿನ ಬೆರಳಚ್ಚು ‘ಸ್ಮಡ್ಜ್’. ಚೆಲ್ಲಿದ್ದು ‘ಸ್ಪಿಲ್’. ಮಳೆಗಾಲದಲ್ಲಿ ಬೀರುವಿನ ಬಟ್ಟೆಗೆ ಬರುವ ಬೂಷ್ಟು ‘ಮಿಲ್‌ಡ್ಯೂ’, ಗೋಡೆ ಮೂಲೆಯ ಕಪ್ಪು ಬೂಷ್ಟು ‘ಮೋಲ್ಡ್’. ತುಕ್ಕು ‘ರಸ್ಟ್’. ಜೇಡರ ಬಲೆ ‘ಕಾಬ್‌ವೆಬ್’.

ಬೋರ್‌ವೆಲ್ ನೀರಿನ ಮನೆಗಳಲ್ಲಿ ನಲ್ಲಿ, ಷವರ್ ಬಾಯಲ್ಲಿ ಬಿಳಿಯಾಗಿ ಗಟ್ಟಿಕಟ್ಟುತ್ತದಲ್ಲ, ಅದಕ್ಕೆ ನಾವು ಉಪ್ಪು ಕಟ್ಟಿದೆ ಅನ್ನುತ್ತೇವೆ. ಅದು ಅಡುಗೆ ಉಪ್ಪಲ್ಲ, ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್, ಸುಣ್ಣದ ಜಾತಿ. ‘ಸಾಲ್ಟ್’ ಅಂದರೆ ಯಾರಿಗೂ ತಿಳಿಯುವುದಿಲ್ಲ, ‘ಲೈಮ್‌ಸ್ಕೇಲ್’ ಅಥವಾ ‘ಹಾರ್ಡ್ ವಾಟರ್ ಸ್ಟೇನ್’ ಅನ್ನಿ. ವಿನೆಗರ್ ಹಾಕಿದರೆ ಕರಗುತ್ತದೆ. ಆದರೆ ಅದೇ ವಿನೆಗರನ್ನು ಮಾರ್ಬಲ್ ನೆಲಕ್ಕೆ ಹಾಕಿದರೆ ಹೊಳಪು ಹೋಗುತ್ತದೆ, ಯಾಕೆಂದರೆ ಮಾರ್ಬಲ್ಲೂ ಅದೇ ಕ್ಯಾಲ್ಸಿಯಂ ಕಾರ್ಬೊನೇಟ್. ಟೈಲ್ಸ್ ಸಂದಿಯ ಸಿಮೆಂಟ್ ಗೀಟು ‘ಗ್ರೌಟ್’. ಬಚ್ಚಲಲ್ಲಿ ಕೊಳೆ ಕೂರುವುದು ಹೆಚ್ಚಾಗಿ ಅಲ್ಲೇ, ಆ ಪದ ಬಿಡಬೇಡಿ.

ಕಸಕ್ಕೆ ಅಮೆರಿಕದವರು ‘ಟ್ರಾಷ್’, ‘ಗಾರ್ಬೇಜ್’, ಬ್ರಿಟನ್ನಿನವರು ‘ರಬ್ಬಿಶ್’. ಹಸಿ ಕಸ ‘ವೆಟ್ ವೇಸ್ಟ್’, ಒಣ ಕಸ ‘ಡ್ರೈ ವೇಸ್ಟ್’. ಬಂದ ಬಾಡಿಗೆದಾರರಿಗೆ ಇದನ್ನು ನೀವೇ ಹೇಳಿಕೊಡಬೇಕಾಗುತ್ತದೆ. 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ದೇಶಕ್ಕೇ ಮೊದಲು ಬಂದ ಊರು ನಮ್ಮ ಮೈಸೂರು, ಗತ್ತಿನಿಂದಲೇ ಹೇಳಿ: ‘ವೆಟ್ ವೇಸ್ಟ್ ಹಿಯರ್, ಡ್ರೈ ವೇಸ್ಟ್ ದೇರ್’.

ಹಾಸಿಗೆ ಹಾಸುತ್ತಾ ಕಲಿಯುವುದು

ಹೋಟೆಲ್ ಕೆಲಸಕ್ಕೆ ಹೋಗುವವರಿಗೆ ಈ ಭಾಗ. ಮನೆಗೆಲಸದವರು ಬೇಕಿದ್ದರೆ ದಾಟಿಕೊಳ್ಳಿ.

ಹಳೆಯ ಬಟ್ಟೆ ಕಿತ್ತು ತೆಗೆಯುವುದು ‘ಸ್ಟ್ರಿಪ್ ದ ಬೆಡ್’. ಕೆಳಗೆ ‘ಮ್ಯಾಟ್ರೆಸ್’, ಅದರ ಮೇಲೆ ‘ಪ್ರೊಟೆಕ್ಟರ್’, ಆಮೇಲೆ ‘ಬಾಟಮ್ ಶೀಟ್’, ಅದರ ಮೇಲೆ ಡೂವೇ. ಬಟ್ಟೆಯ ಸಾಮಾನಿಗೆಲ್ಲ ಒಟ್ಟು ಹೆಸರು ‘ಲಿನನ್’. ಶೀಟನ್ನು ಮ್ಯಾಟ್ರೆಸ್ ಅಡಿಗೆ ಸಿಕ್ಕಿಸುವುದು ‘ಟಕ್ ಇನ್’.

ಮೂಲೆಯ ಮಡಿಕೆಯೇ ಪರೀಕ್ಷೆ, ಅದರ ಹೆಸರು ‘ಮೈಟರ್ ಕಾರ್ನರ್’. ಕಾಲ ಕಡೆ ನಿಲ್ಲಿ. ಇಳಿಬಿದ್ದ ತುದಿಯನ್ನು ಮ್ಯಾಟ್ರೆಸ್ ಅಡಿಗೆ ಟಕ್ ಮಾಡಿ. ಪಕ್ಕದ ಅಂಚನ್ನು ಮೂಲೆಯಿಂದ ಒಂದು ಮೊಳ ದೂರದಲ್ಲಿ ಹಿಡಿದು ಮೇಲೆತ್ತಿ ಹಾಸಿಗೆಯ ಮೇಲೆ ಮಲಗಿಸಿ, ಸಮೋಸಾದ ಹಾಗೆ ಮುಕ್ಕೋನ ಕಾಣುತ್ತದೆ. ಕೆಳಗೆ ಜೋತುಬಿದ್ದ ಚೂರನ್ನು ಟಕ್ ಮಾಡಿ. ಈಗ ಮುಕ್ಕೋನವನ್ನು ಕೆಳಗಿಳಿಸಿ, ಅಂಗೈಯಲ್ಲಿ ಸವರಿ, ಅದನ್ನೂ ಟಕ್ ಮಾಡಿ. ಮೂಲೆಯಲ್ಲಿ 45 ಡಿಗ್ರಿಯ ಗೀಟು ಬಂದರೆ ಪಾಸು. ಸುಕ್ಕಿಗೆ ‘ರಿಂಕಲ್’, ಸವರಿ ಸುಕ್ಕು ತೆಗೆಯುವುದು ‘ಸ್ಮೂತ್ ಔಟ್’. ರಿಂಕಲ್ಲಿಗೂ ಮುಂದೆ ಆ ದನಿಯಿಲ್ಲದ ಡಬ್ಲ್ಯೂ ಇದೆ.

ರೂಮಿನ ಸ್ಥಿತಿಗೂ ಪದಗಳಿವೆ. ಖಾಲಿ ಇದ್ದರೆ ‘ವೇಕೆಂಟ್’, ಗೆಸ್ಟ್ ಇದ್ದರೆ ‘ಆಕ್ಯುಪೈಡ್’, ರಿಪೇರಿಯಲ್ಲಿದ್ದರೆ ‘ಔಟ್ ಆಫ್ ಆರ್ಡರ್’. ಬಾಗಿಲಿಗೆ ಡಿಎನ್‌ಡಿ ಬೋರ್ಡ್ ಇದ್ದರೆ ‘ಡು ನಾಟ್ ಡಿಸ್ಟರ್ಬ್’, ತಟ್ಟಲೇಬೇಡಿ.

ಬಾಟಲಿಯ ಬೆನ್ನು ಓದಿ

ಬೇರೆ ಪದ ತಪ್ಪಿದರೆ ನಗು ಬರುತ್ತದೆ, ಇಲ್ಲಿ ತಪ್ಪಿದರೆ ಆಸ್ಪತ್ರೆ. ಎಷ್ಟೋ ಹೋಟೆಲುಗಳಲ್ಲಿ ಟಾಸ್ಕಿ ಬ್ರಾಂಡಿನ ದ್ರಾವಣಗಳು ನಂಬರಿನಲ್ಲೇ ಓಡಾಡುತ್ತವೆ: ಆರ್-1 ಬಾತ್‌ರೂಮಿಗೆ, ಆರ್-2 ನೆಲ ಮತ್ತು ಗಟ್ಟಿ ಮೇಲ್ಮೈಗೆ, ಆರ್-3 ಗಾಜಿಗೆ, ಆರ್-4 ಮರದ ಸಾಮಾನಿನ ಪಾಲಿಶ್, ಆರ್-5 ಸುವಾಸನೆಗೆ, ಆರ್-6 ಟಾಯ್ಲೆಟ್ ಬೌಲಿಗೆ. ನಂಬರ್ ಗೊತ್ತು, ಬೆನ್ನಿನ ಮೇಲೇನಿದೆ ಗೊತ್ತಿಲ್ಲ ಅಂತ ಆಗಬಾರದು.

‘ಡೈಲ್ಯೂಟ್’ ಅಂದರೆ ನೀರು ಬೆರೆಸು. ‘ಕಾನ್ಸಂಟ್ರೇಟ್’ ಅಂದರೆ ಬೆರೆಸದ ಗಟ್ಟಿ ದ್ರಾವಣ. ಲೀಟರ್ ನೀರಿಗೆ 20 ಎಂಎಲ್ ಅಂತಿದ್ದರೆ 10 ಲೀಟರ್ ಬಕೆಟ್ಟಿಗೆ 200 ಎಂಎಲ್, ಅಂದರೆ ಒಂದು ದೊಡ್ಡ ಲೋಟ. ‘ಕರೋಸಿವ್’ ಅಂದರೆ ಚರ್ಮ ಸುಡುತ್ತದೆ, ಗ್ಲೌಸ್ ಹಾಕಿ. ‘ಫ್ಲೇಮಬಲ್’ ಅಂದರೆ ಬೆಂಕಿ ಹತ್ತಿಕೊಳ್ಳುತ್ತದೆ. ‘ಇನ್‌ಫ್ಲೇಮಬಲ್’ ಅಂದರೂ ಬೆಂಕಿ ಹತ್ತಿಕೊಳ್ಳುತ್ತದೆ! ಮುಂದೆ ‘ಇನ್’ ಬಂದರೆ ‘ಅಲ್ಲ’ ಅಂತ ಶಾಲೆಯಲ್ಲಿ ಕಲಿತದ್ದು ಇಲ್ಲಿ ನಡೆಯದು. ‘ವೆಲ್ ವೆಂಟಿಲೇಟೆಡ್’ ಅಂದರೆ ಕಿಟಕಿ ತೆರೆದು ಬಳಸಿ. ‘ಲೀವ್ ಫಾರ್ 10 ಮಿನಿಟ್ಸ್’ ಅಂದರೆ ಹಾಕಿ 10 ನಿಮಿಷ ಹಾಗೇ ಬಿಡಿ. ಕ್ರಿಮಿ ಸಾಯಲು ಆ ಹೊತ್ತು ಬೇಕು, ಹಾಕಿದ ಕೂಡಲೇ ತೊಳೆದರೆ ದುಡ್ಡು ದಂಡ. ಅಂದಹಾಗೆ ಕೊಳೆ ಬಿಡಿಸುವುದು ‘ಡಿಟರ್ಜೆಂಟ್’, ಕ್ರಿಮಿ ಕೊಲ್ಲುವುದು ‘ಡಿಸಿನ್ಫೆಕ್ಟಂಟ್’, ಎರಡೂ ಒಂದಲ್ಲ.

‘ಡು ನಾಟ್ ಮಿಕ್ಸ್ ವಿತ್ ಬ್ಲೀಚ್’ ಅನ್ನುವ ಸಾಲನ್ನು ಅಕ್ಷರ ಅಕ್ಷರವಾಗಿ ಗುರುತಿಟ್ಟುಕೊಳ್ಳಿ. ಟಾಯ್ಲೆಟ್ ಕ್ಲೀನರುಗಳಲ್ಲಿ ಸಾಮಾನ್ಯವಾಗಿ ಹೈಡ್ರೋಕ್ಲೋರಿಕ್ ಆಸಿಡ್ ಇರುತ್ತದೆ. ಅದಕ್ಕೆ ಬ್ಲೀಚಾಗಲೀ ಬ್ಲೀಚಿಂಗ್ ಪೌಡರಾಗಲೀ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಬಾಗಿಲು ಹಾಕಿದ ಸಣ್ಣ ಬಾತ್‌ರೂಮಿನಲ್ಲಿ ಅದು ಉಸಿರು ಕಟ್ಟಿಸುತ್ತದೆ. ಎರಡನ್ನೂ ಹಾಕಿದರೆ ಡಬಲ್ ಬಿಳುಪು ಅನ್ನುವ ನಂಬಿಕೆ ನಮ್ಮ ಜಗಲಿಯಲ್ಲೂ ಇತ್ತು.

ಬಾಯಿ ಬಿಟ್ಟು ಹೇಳುವ ವಾಕ್ಯಗಳು

ಬಾಗಿಲು ಮೂರು ಸಲ ತಟ್ಟಿ, ‘ಹೌಸ್‌ಕೀಪಿಂಗ್’ ಅಂತ ಕೂಗಿ, ಕಾಯಿರಿ. ತೆರೆದರೆ ‘ಮೇ ಐ ಕ್ಲೀನ್ ಯುವರ್ ರೂಮ್ ನೌ?’ ಬೇಡ ಅಂದರೆ ‘ವೆನ್ ಶಲ್ ಐ ಕಮ್ ಬ್ಯಾಕ್?’ ಇಷ್ಟು ಸಾಕು, ಇದಕ್ಕಿಂತ ಉದ್ದದ ವಿನಯ ಬೇಡ.

ಕೆಟ್ಟದ್ದನ್ನು, ಮುಗಿದದ್ದನ್ನು ಹೇಳುವಾಗ ಕನ್ನಡವನ್ನು ಪದಕ್ಕೆ ಪದ ಇಳಿಸಬೇಡಿ. ಸೋಪು ಖಾಲಿ ಅನ್ನುವುದಕ್ಕೆ ‘ಸೋಪ್ ಈಸ್ ಎಂಪ್ಟಿ’ ಅಂದರೆ ಸೋಪಿನ ಹೊಟ್ಟೆ ಟೊಳ್ಳು ಅಂದಂತೆ. ‘ವಿ ಆರ್ ಔಟ್ ಆಫ್ ಸೋಪ್’ ಅನ್ನಿ. ನೀರು ಬರ್ತಿಲ್ಲ, ‘ದೇರ್ ಈಸ್ ನೋ ವಾಟರ್’. ಕರೆಂಟ್ ಹೋಯ್ತು, ‘ದ ಪವರ್ ಈಸ್ ಔಟ್’. ಸಿಂಕ್ ಕಟ್ಟಿಕೊಂಡಿದೆ, ‘ದ ಸಿಂಕ್ ಈಸ್ ಬ್ಲಾಕ್ಡ್’. ನಲ್ಲಿ ತೊಟ್ಟಿಕ್ಕುತ್ತಿದೆ, ‘ದ ಟ್ಯಾಪ್ ಈಸ್ ಡ್ರಿಪ್ಪಿಂಗ್’. ಅಮೆರಿಕದವರಿಗೆ ನಲ್ಲಿ ‘ಫಾಸೆಟ್’.

ಸಾಮಾನು ಒಡೆದಾಗ ನಮ್ಮ ಭಾಷೆ ನಮ್ಮನ್ನು ಕಾಪಾಡುತ್ತದೆ. ‘ಲೋಟ ಒಡೆದುಹೋಯ್ತು’ ಅಂದರೆ ಲೋಟವೇ ಒಡೆದುಕೊಂಡಿತು, ನಾನು ಪಕ್ಕದಲ್ಲಿದ್ದೆ ಅಷ್ಟೆ. ಇಂಗ್ಲಿಷಿನಲ್ಲಿ ‘ಇಟ್ ಬ್ರೋಕ್’ ಅಂದರೆ ಜಾರಿಕೊಳ್ಳುತ್ತಿದ್ದಾಳೆ ಅಂದುಕೊಳ್ಳುತ್ತಾರೆ. ‘ಸಾರಿ ಮೇಡಂ, ಐ ಬ್ರೋಕ್ ಎ ಗ್ಲಾಸ್’ ಅಂದುಬಿಡಿ. ಹಾಗಂದವರ ಸಂಬಳ ಹಿಡಿದದ್ದನ್ನು ನಾನು ಅಪರೂಪಕ್ಕೆ ನೋಡಿದ್ದೇನೆ, ಮುಚ್ಚಿಟ್ಟು ಸಿಕ್ಕಿಬಿದ್ದವರು ಕೆಲಸವನ್ನೇ ಕಳೆದುಕೊಂಡದ್ದನ್ನೂ ನೋಡಿದ್ದೇನೆ.

ದಿನಕ್ಕೆ ಮೂರು ಪದ

ಮನೆಯ ಸಾಮಾನಿಗೆಲ್ಲ ಚೀಟಿ ಅಂಟಿಸಿ ಕಲಿಯಿರಿ ಅಂತ ಕೆಲವರು ಹೇಳುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಚೀಟಿ ಅಂಟುವುದು ಬಕೆಟ್ಟಿಗೆ, ಹಿಂಡುವ ಕೆಲಸಕ್ಕೆ ಎಲ್ಲಿ ಅಂಟಿಸುತ್ತೀರಿ? ದಿನಕ್ಕೆ ಮೂರೇ ಕ್ರಿಯಾಪದ ಆರಿಸಿಕೊಂಡು, ಆ ಕೆಲಸ ಮಾಡುವಾಗಲೇ ಜೋರಾಗಿ ಹೇಳಿ. ರಾತ್ರಿ ಅವೇ ಮೂರನ್ನು ಮಾಡಿ ಮುಗಿಸಿದ ಹಾಗೆ ಹೇಳಿ: ‘ಐ ಸ್ವೆಪ್ಟ್’, ‘ಐ ಮಾಪ್ಡ್’, ‘ಐ ರಿನ್ಸ್‌ಡ್’. ಸ್ವೀಪ್ ‘ಸ್ವೆಪ್ಟ್’ ಆಗುತ್ತದೆ, ರಿಂಗ್ ‘ರಂಗ್’ ಆಗುತ್ತದೆ. ಮಿಕ್ಕ ಹೆಚ್ಚಿನವಕ್ಕೆ ಕೊನೆಗೊಂದು ‘ಡ್’ ಅಥವಾ ‘ಟ್’ ದನಿ ಸೇರಿಸಿದರೆ ಸಾಕು. ಹತ್ತು ದಿನದಲ್ಲಿ ಮೂವತ್ತು ಪದ ಆಗುತ್ತದೆ, ದಿನದ ಕೆಲಸಕ್ಕೆ ಅಷ್ಟು ಧಾರಾಳ. ಬಾಟಲಿಯ ಸಾಲು ಅರ್ಥವಾಗದಿದ್ದರೆ ಫೋನಿನ ಕ್ಯಾಮೆರಾ ಹಿಡಿದು ಗೂಗಲ್‌ನಲ್ಲಿ ಕನ್ನಡಕ್ಕೆ ತಿರುಗಿಸಿ ನೋಡಬಹುದು. ಅಪಾಯದ ಸಾಲುಗಳನ್ನು ಮಾತ್ರ ಗೊತ್ತಿರುವವರ ಹತ್ತಿರ ಇನ್ನೊಮ್ಮೆ ಕೇಳಿ.

ಇಷ್ಟೆಲ್ಲ ಕಲಿತರೂ ಒಂದು ದಿನ ಕೇಳದ ಪದ ಬಂದೇ ಬರುತ್ತದೆ. ಆಗ ತಲೆಯಾಡಿಸಿ ‘ಯೆಸ್ ಮೇಡಂ’ ಅನ್ನದೆ ‘ಶೋ ಮಿ ಪ್ಲೀಸ್’ ಅನ್ನಿ, ತೋರಿಸಿ ಅಂತ. ಮೊನ್ನೆ ಚಿಕ್ಕಮ್ಮ ಕೆಲಸಕ್ಕೆ ಹೋಗುವ ಮನೆಯ ಹೊಸ ಬಾಡಿಗೆದಾರ ‘ಪ್ಲೀಸ್ ಫ್ಲಫ್ ದ ಪಿಲ್ಲೋಸ್’ ಅಂದನಂತೆ. ಇವಳು ‘ಶೋ ಮಿ ಪ್ಲೀಸ್’ ಅಂದಳು. ಅವನು ದಿಂಬನ್ನು ಎತ್ತಿ, ಎರಡೂ ಕಡೆಯಿಂದ ಗುದ್ದಿ, ಉಬ್ಬಿಸಿ ಇಟ್ಟು ತೋರಿಸಿದ. ‘ಗುದ್ದದಾ? ಅಷ್ಟಕ್ ಯಾಕಪ್ಪ ಇಷ್ಟ್ ದೊಡ್ಡ ಪದ’ ಅಂದಳಂತೆ ಕನ್ನಡದಲ್ಲೇ. ಅವನಿಗೆ ಅರ್ಥವಾಗಲಿಲ್ಲ, ‘ಶೋ ಮಿ’ ಅಂದ.